ಅಕ್ಕನೊಬ್ಬಳನ್ನು ಬಿಟ್ಟು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಯಾರೂ ನಗುನಗುತ್ತಾ ಬರುವುದಿಲ್ಲ. ಕೆನ್ನೆ ಹಿಡಿದುಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಬರುತ್ತಾರೆ. ಅಂಥವರನ್ನೆಲ್ಲ ಮಾತಿನಲ್ಲೇ ಸಮಾಧಾನ ಮಾಡಿ ಒಳಗಿನ ಕುರ್ಚಿಯವರೆಗೆ ಕಳಿಸುವುದು ಅಕ್ಕನ ಕೆಲಸ. ಹೆಸರು ಕರೆಯುವವಳು ಅವಳೇ, ಫೋನು ಎತ್ತುವವಳೂ ಅವಳೇ. "ಅರ್ಧ ನೋವು ಇವಳ ಮಾತಿಗೇ ಇಳಿದುಹೋಗುತ್ತೆ, ಮಿಕ್ಕ ಅರ್ಧಕ್ಕೆ ನಾನು ಫೀಸು ತಗೊಳ್ಳೋದು" ಅಂತ ಡಾಕ್ಟರು ಎಲ್ಲರ ಮುಂದೆ ಹೊಗಳುತ್ತಾರೆ. ಹಾಗಾದರೆ ಸಂಬಳ ಜಾಸ್ತಿ ಮಾಡಿ ಅಂದರೆ ಮಾತ್ರ ಅದೇ ಡಾಕ್ಟರಿಗೆ ಕಿವಿ ಮಂದವಾಗಿಬಿಡುತ್ತದೆ.

ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಒಡಹುಟ್ಟಿ ಅಕ್ಕ ಅಂದವನು ಮಾತ್ರ ಒಬ್ಬನೇ, ಅವಳ ತಮ್ಮ. ಆ ಒಬ್ಬನೇ ಅವಳ ಕತ್ತು ಕೊಯ್ದ ಕತೆ ಇದು.

ಆ ದಿನ ಒಬ್ಬ ಹೆಂಗಸು ಬಂದಳು. ಬಲಗೆನ್ನೆ ಬನ್ನಿನ ಹಾಗೆ ಊದಿತ್ತು. ಅಕ್ಕ ಎಂದಿನಂತೆ, "ಬನ್ನಿ, ಕೂತ್ಕೊಳ್ಳಿ. ಸ್ವಲ್ಪ ಕಾಯಬೇಕಾಗುತ್ತೆ, ತೊಂದರೆಗೆ ಕ್ಷಮಿಸಿ" ಅಂದಳು. ಕೂರಲು ಹೋದ ಹೆಂಗಸು ಹಾಗೇ ಎದ್ದು ನಿಂತಳು.

"ಇನ್ನೊಂದ್ಸಲ ಹೇಳಿ."

"ಏನನ್ನ?"

"ಈಗ ಹೇಳಿದ್ರಲ್ಲ, ತೊಂದರೆಗೆ ಕ್ಷಮಿಸಿ ಅಂತ."

ಹಲ್ಲುನೋವು ತಲೆಗೇರಿರಬೇಕು ಅಂದುಕೊಂಡ ಅಕ್ಕ ನಗುತ್ತಲೇ ಮತ್ತೆ ಹೇಳಿದಳು. ಹೆಂಗಸಿನ ಮುಖ ಕೆಂಪಾಯಿತು. "ನೀವೇ. ಸಂಶಯವೇ ಇಲ್ಲ. ನನ್ನನ್ನ ಕೆಲಸದಿಂದ ತೆಗೆದದ್ದು ನೀವೇ" ಅಂದಳು.

ಕಾಯುತ್ತಿದ್ದವರೆಲ್ಲ ತಂತಮ್ಮ ಹಲ್ಲು ಮರೆತು ಇತ್ತ ತಿರುಗಿದರು. "ಬೆಳಿಗ್ಗೆಯಿಂದ ಸಂಜೆವರೆಗೂ ಈ ಮೇಜು ಬಿಟ್ಟು ಏಳೋಳಲ್ಲ ನಾನು. ನಿಮ್ಮನ್ನ ಕೆಲಸದಿಂದ ತೆಗೆಯೋಕೆ ನಾನ್ಯಾರಮ್ಮಾ?" ಅಂದಳು ಅಕ್ಕ. ಹೆಂಗಸು ಕೈಚೀಲದಿಂದ ಫೋನು ತೆಗೆದಳು. ಅವಳು ಒಂದು ದೊಡ್ಡ ಗೋದಾಮಿನಲ್ಲಿ ಡಬ್ಬಗಳಿಗೆ ಸಾಮಾನು ತುಂಬುವ ಕೆಲಸದಲ್ಲಿದ್ದವಳು. ಕೆಲಸ ಹೋಯಿತು ಅಂತ ಹೇಳಿದ ಕರೆ ಅವಳ ಫೋನಿನಲ್ಲಿ ರೆಕಾರ್ಡಾಗಿ ಹಾಗೇ ಉಳಿದಿತ್ತು. ಅದನ್ನು ಎಲ್ಲರೆದುರೂ ಹಾಕಿದಳು.

"ನಮಸ್ಕಾರ. ನಾಳೆಯಿಂದ ನಿಮ್ಮ ಸೇವೆಯ ಅಗತ್ಯವಿರುವುದಿಲ್ಲ. ನಿಮ್ಮ ಗುರುತಿನ ಚೀಟಿಯನ್ನು ಗೇಟಿನಲ್ಲಿ ಒಪ್ಪಿಸಿ." ನಡುವೆ ಈ ಹೆಂಗಸು, "ಮೇಡಂ, ಒಂದ್ನಿಮಿಷ ಮೇಡಂ, ನಾನೇನು ತಪ್ಪು ಮಾಡ್ದೆ?" ಅನ್ನುತ್ತಿದ್ದಾಳೆ. ಆ ಧ್ವನಿ ತನ್ನ ಪಾಡಿಗೆ ತಾನು, "ತೊಂದರೆಗೆ ಕ್ಷಮಿಸಿ. ಈ ಸಂದೇಶವನ್ನು ಮತ್ತೆ ಕೇಳಲು ಒಂದನ್ನು ಒತ್ತಿ" ಅನ್ನುತ್ತಿದೆ.

ಅಕ್ಕ ಫೋನಿನತ್ತ ಬಗ್ಗಿದಳು. ತನ್ನ ಧ್ವನಿಯ ಹಾಗಿದೆ ಅನ್ನುವ ಮಾತೇ ಅಲ್ಲ, ಅದು ಅವಳದೇ ಧ್ವನಿ. ಕ್ಷಮಿಸಿ ಅನ್ನುವಾಗ ಕೊನೆಯನ್ನು ಸ್ವಲ್ಪ ಎಳೆದು ಮೆತ್ತಗೆ ಇಳಿಸುವುದು ಅವಳಿಗೇ ಇರುವ ಅಭ್ಯಾಸ. ಆ ಮಾತುಗಳನ್ನು ಮಾತ್ರ ಅವಳು ಜನ್ಮದಲ್ಲಿ ಆಡಿರಲಿಲ್ಲ.

"ಒಂದನ್ನ ಒತ್ತಿದೆ ನಾನು," ಅಂದಳು ಹೆಂಗಸು. ಈಗ ಅವಳ ಸಿಟ್ಟು ಇಳಿದು ಅಳು ಬಂದಿತ್ತು. "ಮತ್ತೆ ಮತ್ತೆ ಒತ್ತಿದೆ. ಇಷ್ಟು ಒಳ್ಳೆ ಧ್ವನಿ, ಕೊನೆಗಾದ್ರೂ ಏನೋ ಒಂದು ಸಮಾಧಾನ ಹೇಳುತ್ತೇನೋ ಅಂತ."

ಆ ಧ್ವನಿ ಎಲ್ಲಿಂದ ಬಂತು ಅಂತ ಅಕ್ಕ ಯೋಚಿಸಬೇಕಾಗಿರಲಿಲ್ಲ. ಅದನ್ನು ಅವಳು ಕೊಟ್ಟದ್ದು ಒಬ್ಬನಿಗೇ, ತಮ್ಮನಿಗೆ.

ತಮ್ಮ ಹುಟ್ಟು ಕುರುಡ. ಹಾಗಂತ ಪಾಪ ಅಂದವರನ್ನು ಸುಮ್ಮನೆ ಬಿಡುವ ಆಸಾಮಿ ಅಲ್ಲ, ನಾಲಗೆ ಅಷ್ಟು ಹರಿತ. ಚಿಕ್ಕಂದಿನಲ್ಲಿ ಅವನ ಪಾಠದ ಪುಸ್ತಕಗಳನ್ನೆಲ್ಲ ಅಕ್ಕನೇ ಓದಿ ಹೇಳಿದ್ದು. ಪುಸ್ತಕ ಮುಗಿದರೆ ಔಷಧಿ ಬಾಟಲಿ, ಬಸ್ಸಿನ ಬೋರ್ಡು, ಗೋಡೆ ಮೇಲಿನ ಪೋಸ್ಟರು. ಅವಳ ಮದುವೆ ಗೊತ್ತಾದ ದಿನ ಅವನು, "ಭಾವ ನಿನ್ನ ಕರ್ಕೊಂಡು ಹೋದ್ರೆ ನನಗೆ ಓದೋರು ಯಾರು?" ಅಂತ ಮುಖ ತಿರುಗಿಸಿ ಕೂತಿದ್ದ. ಆ ಹಟಕ್ಕೇ ಕಂಪ್ಯೂಟರಿಗೆ ಕೈ ಹಾಕಿದ. ತೆರೆಯ ಮೇಲೆ ಏನೇ ಇದ್ದರೂ ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರು ಬರೆಯಲು ಕೂತ. ಜೊತೆಗೆ ಸಿಕ್ಕವನು ಗಡ್ಡ. ಗಡ್ಡಕ್ಕೆ ಆ ಹೆಸರಿಟ್ಟವನೂ ತಮ್ಮನೇ. ಫೋನಿನಲ್ಲಿ ಮಾತಾಡುವಾಗ ಅವನ ಗಡ್ಡ ಮೈಕಿಗೆ ಉಜ್ಜಿ ಕರಕರ ಸದ್ದು ಬರುತ್ತಿತ್ತಂತೆ.

ಓದುವ ಯಂತ್ರಕ್ಕೆ ಒಂದು ಧ್ವನಿ ಬೇಕಲ್ಲ, ಅದು ಅಕ್ಕನದು. ಹೊರಗಿನ ಸದ್ದು ಬೀಳಬಾರದು ಅಂತ ಅವಳನ್ನು ಬಟ್ಟೆ ಬೀರುವಿನೊಳಗೆ, ರಜಾಯಿಗಳ ಮಧ್ಯೆ ಕೂರಿಸುತ್ತಿದ್ದರು. ಒಳಗೆ ಒಂದು ಮೈಕು, ಒಂದು ಟಾರ್ಚು, ಓದಲು ತಲೆಬುಡವಿಲ್ಲದ ವಾಕ್ಯಗಳು. ಭಾಷೆಯ ಒಂದು ಸದ್ದೂ ಬಿಟ್ಟುಹೋಗಬಾರದು ಅಂತ ಗಡ್ಡ ಹೊಸೆದ ವಾಕ್ಯಗಳವು. ಅವನ್ನೆಲ್ಲ ಒಮ್ಮೆ ಓದಿಕೊಟ್ಟರೆ ಮುಗಿಯಿತು, ಆಮೇಲೆ ಯಂತ್ರ ಆ ಸದ್ದುಗಳನ್ನೇ ಜೋಡಿಸಿಕೊಂಡು ಅವಳು ಆಡದ ಮಾತನ್ನೂ ಅವಳ ಹಾಗೇ ಆಡುತ್ತದೆ. ಬೆವರು ಸುರಿಸಿಕೊಂಡು ಒಂದು ಪುಟ ಮುಗಿಸಿದರೆ, ಹೊರಗಿನಿಂದ ತಮ್ಮ, "ಅಕ್ಕ, ನಿನ್ನ ಹೊಟ್ಟೆ ಗುರ್ ಅಂತು, ಮತ್ತೆ ಓದು" ಅನ್ನುತ್ತಿದ್ದ. ಒಂದು ಬೇಸಿಗೆಯ ರಜಾದಿನಗಳನ್ನೆಲ್ಲ ಅಕ್ಕ ಆ ಬೀರುವಿನಲ್ಲೇ ಕಳೆದಳು. ಅವಳ ಗಂಡ, "ಸೀರೆ ತೆಗೆಯೋಕೆ ಹೋದ್ರೆ ಹೆಂಡ್ತಿ ಸಿಗ್ತಾಳೆ ನಮ್ಮನೇಲಿ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಸಾಫ್ಟ್‌ವೇರನ್ನು ಪುಕ್ಕಟೆ ಬಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಲಿ, ಒಳಗಿನ ಬರವಣಿಗೆ ಬಿಚ್ಚಿ ನೋಡಲಿ, ತಿದ್ದಲಿ. ಕಣ್ಣಿಲ್ಲದ ಮಕ್ಕಳು ಅದರಲ್ಲಿ ಓದಿ ಪರೀಕ್ಷೆ ಪಾಸಾದರು. ಕಣ್ಣು ಮಂಜಾದ ಮುದುಕರು ಬೆಳಗಿನ ಪೇಪರು ಕೇಳಿದರು. ಎಲ್ಲೆಲ್ಲಿಂದಲೋ ಜನ ಬಂದು ತಾವೂ ಒಂದಿಷ್ಟು ಬರೆದು ಸೇರಿಸಿದರು. ಹೊಗಳಿಕೆ ಬೇಕಾದಷ್ಟು ಬಂತು. ಇಬ್ಬರೂ ಕೂತು ಕೆಲಸ ಮಾಡುವ ಕೋಣೆಯ ಬಾಡಿಗೆ, ಯಂತ್ರಗಳ ಕರೆಂಟು, ಗಡ್ಡನ ಹೊಟ್ಟೆಪಾಡು ಹೊಗಳಿಕೆಯಲ್ಲಿ ನಡೆಯುತ್ತದೆಯೇ? ದೇಣಿಗೆ ಕೊಡಿ ಅಂತ ಒಂದು ಬಟನ್ ಹಾಕಿದರು. ಅದನ್ನು ಒತ್ತುವವರಿಗಿಂತ ಬಟನ್ ಚೆನ್ನಾಗಿದೆ ಅಂದವರೇ ಹೆಚ್ಚು. ಒಂದು ಸಂಸ್ಥೆ ಅನುದಾನ ಕೊಟ್ಟಿತು, ಆದರೆ ಅವರಿಗೆ ವರದಿ ಬರೆದು ಬರೆದು ಕೆಲಸವೇ ನಿಂತುಹೋಯಿತು.

ಹೀಗಿರುವಾಗ ಕಳೆದ ವರ್ಷ ತಮ್ಮ, "ದಾರಿ ಸಿಕ್ತು ಅಕ್ಕ, ಒಂದು ದೊಡ್ಡ ಕಂಪನಿ ನಮ್ಮ ಕೈ ಹಿಡಿದಿದೆ" ಅಂದ. ಅಕ್ಕ ಆನಂದಕ್ಕೆ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಸಿಹಿ ಹಂಚಿದಳು. "ಒಳ್ಳೇದಾಯ್ತು, ಗಿರಾಕಿ ಹೆಚ್ಚಾಗ್ತಾರೆ" ಅಂದರು ಡಾಕ್ಟರು. ಯಾವ ಕಂಪನಿ, ಯಾತಕ್ಕೆ ಕೈ ಹಿಡಿಯಿತು ಅಂತ ಅಕ್ಕ ಕೇಳಲಿಲ್ಲ. ತಮ್ಮನನ್ನು ಯಾರಾದರೂ ಹಾಗೆ ಕೆದಕಿ ಕೇಳುತ್ತಾರೆಯೇ?

ಕ್ಲಿನಿಕ್ಕಿನಿಂದ ಅವತ್ತು ಅವಳು ಸೀದಾ ಅವನ ಕೋಣೆಗೆ ನಡೆದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಅದು. ಮೆಟ್ಟಿಲ ತುಂಬ ಪಂಕ್ಚರ್ ಹಾಕುವ ಅಂಟಿನ ವಾಸನೆ. ಬಾಗಿಲು ತೆರೆದೇ ಇತ್ತು. ಗಡ್ಡ ಕಿಟಕಿಯ ಹತ್ತಿರ ಕೂತು ಏನೋ ಟೈಪು ಮಾಡುತ್ತಿದ್ದ. ತಮ್ಮ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಿದ್ದ.

"ಗೋದಾಮಿನ ಜನಕ್ಕೆ ಫೋನ್ ಮಾಡಿ ಕೆಲಸದಿಂದ ತೆಗೀತಿರೋದು ನಾನಂತೆ. ಹೌದೇನೋ?" ಅಂದಳು.

ತಮ್ಮ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಏನು ಎತ್ತ ಅಂತ ಕೇಳಲಿಲ್ಲ. ಅಲ್ಲಿಗೇ ಅಕ್ಕನಿಗೆ ಅರ್ಥವಾಯಿತು, ಇವನಿಗೆ ಗೊತ್ತು.

"ಕೂತ್ಕೋ ಅಕ್ಕ, ಹೇಳ್ತೀನಿ. ಆ ಗೋದಾಮು ನಮ್ಮ ಕೈ ಹಿಡಿದ ಕಂಪನೀದೇ. ಇದರಲ್ಲಿ ಮುಚ್ಚುಮರೆ ಏನಿಲ್ಲ. ನಮ್ಮ ಹಾಗೆ ಪುಕ್ಕಟೆ ಸಾಫ್ಟ್‌ವೇರು ಕೊಡೋರು ಎಷ್ಟೋ ಜನ ಹೀಗೇ ಬದುಕೋದು. ನಾವು ಎಲ್ಲರಿಗೂ ಪುಕ್ಕಟೆ ಕೊಡ್ತೀವಿ, ಆದ್ರೆ ಒಂದು ಷರತ್ತು. ಇದಕ್ಕೆ ಅವರೇನಾದ್ರೂ ಸೇರಿಸಿ ಊರಿಗೆ ಹಂಚಿದ್ರೆ, ಸೇರಿಸಿದ್ದನ್ನೂ ಬಚ್ಚಿಡದೆ ಕೊಡಬೇಕು. ಕಂಪನಿಗಳಿಗೆ ಈ ಷರತ್ತು ಗಂಟಲಲ್ಲಿ ಇಳಿಯಲ್ಲ. ಅಂಥವರಿಗೆ ಷರತ್ತಿಲ್ಲದ ಇನ್ನೊಂದು ಪರವಾನಗಿ ಮಾರ್ತೀವಿ. ಅವರು ಕೊಟ್ಟ ದುಡ್ಡಲ್ಲಿ ಕಣ್ಣಿಲ್ಲದ ಹುಡುಗರಿಗೆ ಪುಕ್ಕಟೆ. ತಪ್ಪೇನಿದೆ?"

"ನನ್ನ ಧ್ವನಿ ಮಾರಿದೀಯ."

"ಧ್ವನಿ ಮಾರಿಲ್ಲ ಅಕ್ಕ, ಪರವಾನಗಿ ಮಾರಿದ್ದು."

"ನನ್ನ ಮುಂದೆ ಈ ವಕೀಲಿಕೆ ಬೇಡ."

"ಅವರು ಪುಕ್ಕಟೆ ಇರೋದನ್ನೇ ತಗೊಂಡು ಅದೇ ಮಾತು ಹೇಳಿಸಬಹುದಿತ್ತು. ಅದನ್ನ ತಡೆಯೋಕೆ ನಮ್ಮ ಕೈಲಿ ಆಗ್ತಿರಲಿಲ್ಲ."

"ಹೇಳಿಸಲಿ. ಆಗ ಊರಿಗೆಲ್ಲ ಕೊಟ್ಟಿದ್ದನ್ನ ಒಬ್ಬ ಕೆಟ್ಟವನು ಕೆಟ್ಟದ್ದಕ್ಕೆ ಬಳಸಿದ ಅಂತ ಅವನಿಗೆ ಶಾಪ ಹಾಕಿಕೊಂಡು ಸುಮ್ಮನಾಗ್ತಿದ್ದೆ. ಇದು ಹಾಗಲ್ವಲ್ಲ. ಇದನ್ನ ನೀನು ಕೈಯಾರೆ ಕೊಟ್ಟು ದುಡ್ಡು ತಗೊಂಡಿದೀಯ."

ಕಿಟಕಿಯ ಹತ್ತಿರ ಗಡ್ಡನ ಟೈಪಿಂಗು ನಿಂತಿತ್ತು. ಅವನು ಒಳ್ಳೆಯ ಹುಡುಗ. ಅಕ್ಕ ತಮ್ಮನ ನಡುವೆ ತಾನು ಬಾಯಿ ಹಾಕಬಾರದು ಅಂತ ಗೊತ್ತಿದ್ದೂ, ಸಮಾಧಾನ ಮಾಡಲು ಹೋಗಿ ಬೆಂಕಿಗೆ ತುಪ್ಪ ಸುರಿದ.

"ಅಕ್ಕ, ನಾವು ಯಾರಿಗೂ ಹೇಳ್ದೆ ಕೇಳ್ದೆ ಮಾಡಿಲ್ಲ. ಇದಕ್ಕೊಂದು ರಿವಾಜಿದೆ. ಸಾಫ್ಟ್‌ವೇರಿಗೆ ಒಂದು ಸಾಲು ಬರೆದವನಿದ್ರೂ ಅವನನ್ನ ಕೇಳಲೇಬೇಕು, ಇಲ್ಲದಿದ್ರೆ ಎರಡನೇ ಪರವಾನಗಿ ಮಾರೋ ಹಕ್ಕೇ ನಮಗಿಲ್ಲ. ಎಲ್ಲರಿಗೂ ಬರೆದು ಒಬ್ಬೊಬ್ಬರ ಒಪ್ಪಿಗೆ ತಗೊಂಡ್ವಿ. ಯಾವುದೋ ದೇಶದಲ್ಲೊಬ್ಬ ಇದಾನೆ. ಅರ್ಧವಿರಾಮ ಬಂದಾಗ ಯಂತ್ರ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನ ಬರೆದವನು, ಅಷ್ಟೇ ಅವನ ಕೆಲಸ. ಅವನು ಒಪ್ಪಲಿಲ್ಲ. ಒಂದು ಮಾತು ಎದುರಾಡಲಿಲ್ಲ ನಾವು. ಥ್ಯಾಂಕ್ಸ್ ಹೇಳಿ, ಅವನು ಬರೆದದ್ದನ್ನ ಪೂರ್ತಿ ಕಿತ್ತು ಹಾಕಿ, ಆ ಭಾಗವನ್ನ ನಾನೇ ಕೂತು ಮೊದಲಿನಿಂದ ಬರೆದೆ. ನೀವೂ ಒಪ್ಪಿದ್ರಲ್ಲ."

"ನಾನು? ಯಾವಾಗ ಒಪ್ಪಿದೆ?"

ಗಡ್ಡ ತಮ್ಮನ ಕಡೆ ತಿರುಗಿದ. ತಮ್ಮ ಮೇಜಿನ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಿದ್ದ.

"ನೀವು ಒಪ್ಪಿದೀರಿ ಅಂತ ಒಪ್ಪಿಗೆ ಕೇಳಿದ ವೆಬ್ ಪುಟದಲ್ಲಿ ಇವನೇ ಬರೆದಿದ್ದ," ಅಂದ ಗಡ್ಡ. ಅವನ ಸ್ವರ ಸಣ್ಣದಾಗಿತ್ತು. "ಧ್ವನಿ ನನ್ನ ಅಕ್ಕನದು, ಅವಳ ಒಪ್ಪಿಗೆ ಇದೆ ಅಂತ."

ನೋಡಿ, ಕಂಪನಿ ಮೋಸ ಮಾಡಿದ್ದರೆ ಅಕ್ಕ ಬೈದು ಸುಮ್ಮನಾಗುತ್ತಿದ್ದಳು. ಕಂಪನಿಗಳಿರುವುದೇ ಅದಕ್ಕೆ. ತಮ್ಮ ಮರೆತಿದ್ದ ಅಂದರೂ ತಲೆಗೊಂದು ಮೊಟಕಿ ಕ್ಷಮಿಸುತ್ತಿದ್ದಳು. ಆದರೆ ಇವನು ಮುಖ ಕಾಣದವರನ್ನೆಲ್ಲ ಕೇಳಿದ್ದಾನೆ. ಅರ್ಧವಿರಾಮದವನ ಮುಂದೆ ಕೈಕಟ್ಟಿ ನಿಂತಿದ್ದಾನೆ. ಬೀರುವಿನಲ್ಲಿ ಬೆಂದು ಹೋದ ಅಕ್ಕನೊಬ್ಬಳನ್ನು ಬಿಟ್ಟಿದ್ದಾನೆ. ಬಿಟ್ಟದ್ದೂ ಅಲ್ಲದೆ ಅವಳ ಹೆಸರಲ್ಲಿ ಹಸಿ ಸುಳ್ಳು ಬರೆದಿದ್ದಾನೆ.

"ಯಾಕೋ ಕೇಳಲಿಲ್ಲ ನನ್ನ?"

"ಮನೆಯವಳಲ್ವಾ ನೀನು, ನಿನ್ನ ಬೇರೆ ಕೇಳಬೇಕಾ ಅಂತ..."

"ನಿಜ ಹೇಳು."

ತಮ್ಮ ತಲೆ ಎತ್ತಿದ. "ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ," ಅಂದ. "ಬೇರೆ ಯಾರು ಬೇಡ ಅಂದ್ರೂ ಅವರು ಬರೆದದ್ದನ್ನ ಕಿತ್ತು ಇನ್ನೊಂದು ಬರೀಬಹುದು. ನಿನ್ನ ಧ್ವನಿ ಕಿತ್ತು ಹಾಕಿದ್ರೆ ಮಾರೋಕೆ ಉಳಿಯೋದೇನು? ಕಂಪನಿ ಬಂದಿದ್ದೇ ಆ ಧ್ವನಿ ಕೇಳಿ. ಬಾಡಿಗೆ ಬಾಕಿ ಬಿದ್ದಿತ್ತು. ಇವನು ಬೇರೆ ಕೆಲಸ ಹುಡುಕ್ತಿದ್ದ. ಇಷ್ಟು ಜನ ದಿನಾ ಇದನ್ನೇ ನಂಬಿಕೊಂಡು ಓದ್ತಾರೆ, ಅವರನ್ನ ನಡುನೀರಲ್ಲಿ ಬಿಡಬೇಕಾಗಿತ್ತಾ? ನಾನೇನು ಬಂಗಲೆ ಕಟ್ಟಿಸಿಕೊಂಡ್ನಾ?"

ಇಲ್ಲ, ಕಟ್ಟಿಸಿಕೊಂಡಿರಲಿಲ್ಲ. ಅವನು ಹಾಕಿಕೊಂಡಿದ್ದ ಅಂಗಿಯ ಕಾಲರು ಸವೆದದ್ದು ಅಕ್ಕನಿಗೆ ಕಾಣುತ್ತಲೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಂಕಟವಾಯಿತು. ತಿಂದು ತೇಗಿದವನಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ಹಗುರಾಗಬಹುದಿತ್ತು.

"ಕಂಪನಿಗೆ ಹೇಳಿ ನಿಲ್ಲಿಸು," ಅಂದಳು.

"ಆಗಲ್ಲ ಅಕ್ಕ."

"ನಿಲ್ಲಿಸೋ. ನಿನಗೆ ಕೈ ಮುಗೀತೀನಿ. ಆ ಹೆಂಗಸು ನನ್ನ ಮುಂದೆ ಕೂತು ಅತ್ಲು."

"ನಿಲ್ಲಿಸಿದ್ರೆ ನಾಡಿದ್ದಿಗೆ ಈ ಕೋಣೆ ಖಾಲಿ ಮಾಡಬೇಕು. ಸ್ವಲ್ಪ ದಿನ ಹೋಗಲಿ, ಬೇರೆ ದಾರಿ ನೋಡೋಣ. ಈಗ ಮನೆಗೆ ಹೋಗು, ಭಾವ ಕಾಯ್ತಿರ್ತಾರೆ." ಇಷ್ಟು ಹೇಳಿ ಅವನು ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡ. ಮಾತು ಮುಗಿಯಿತು ಅನ್ನುವುದನ್ನು ಅವನು ಹೇಳುವ ಬಗೆ ಅದು.

ಮೆಟ್ಟಿಲವರೆಗೆ ಗಡ್ಡ ಹಿಂದೆಯೇ ಬಂದ. "ಅಕ್ಕ, ನನಗೆ ನಿಜವಾಗಿ ಗೊತ್ತಿರಲಿಲ್ಲ" ಅಂದ. ಅವಳು ನಂಬಿದಳು. ಅವನು ತಲೆ ಕೆರೆದುಕೊಂಡು, "ಒಪ್ಪಿಗೆ ಕೇಳಿದ ಜಾಗ ಇನ್ನೂ ತೆರೆದೇ ಇದೆ. ಯಾರು ಬೇಕಾದ್ರೂ ನೋಡಬಹುದು, ಬರೀಬಹುದು. ಅಲ್ಲಿ ಬರೆದದ್ದನ್ನ ಅವನೂ ಅಳಿಸೋ ಹಾಗಿಲ್ಲ, ನಾನೂ ಅಳಿಸೋ ಹಾಗಿಲ್ಲ" ಅಂದ. ಅಲ್ಲಿ ಅವಳು ಬರೆದರೆ ತನ್ನ ಅನ್ನಕ್ಕೂ ಕಲ್ಲು ಬೀಳುತ್ತದೆ ಅಂತ ಗೊತ್ತಿದ್ದೇ ಅಂದ ಹುಡುಗ.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಅವನು ಲಿಫ್ಟು ರಿಪೇರಿ ಮಾಡುವವನು, ಅವಸರದ ಮನುಷ್ಯನಲ್ಲ. "ಕೇಸು ಗೀಸು ಅಂತ ಹೋಗ್ತೀಯಾ?" ಅಂತ ಕೇಳಿದ.

"ತಮ್ಮನ ಮೇಲಾ? ಇಲ್ಲ."

"ಮತ್ತೆ ಸುಮ್ಮನಿರ್ತೀಯಾ?"

ಅಕ್ಕ ಗಂಡನ ಕಂಪ್ಯೂಟರು ತೆಗೆದು ಗಡ್ಡ ಹೇಳಿದ ಜಾಗ ಹುಡುಕಿದಳು. ಅಲ್ಲಿ ತಮ್ಮನ ಮಾತು ಎಷ್ಟು ನಯವಾಗಿತ್ತು ಅಂತೀರಿ! ಪ್ರತಿಯೊಬ್ಬರ ಹೆಸರು ಹಿಡಿದು, ನಿಮ್ಮ ಶ್ರಮ ದೊಡ್ಡದು, ನಿಮ್ಮ ಮಾತಿಲ್ಲದೆ ನಾವು ಒಂದು ಹೆಜ್ಜೆಯೂ ಇಡುವುದಿಲ್ಲ, ಬೇಡವೆಂದರೆ ಸ್ವಲ್ಪವೂ ಬೇಸರವಿಲ್ಲ ಅಂತ ಬರೆದಿದ್ದ. ಅರ್ಧವಿರಾಮದವನು ಬೇಡ ಅಂದದ್ದಕ್ಕೆ, ಇಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಋಣಿ ಅಂದಿದ್ದ. ಓದುತ್ತಾ ಓದುತ್ತಾ ಅಕ್ಕನ ಕಣ್ಣಲ್ಲಿ ನೀರು ಬಂತು. ಇಷ್ಟು ಚೆನ್ನಾಗಿ ಕೇಳಲು ಬರುತ್ತಿತ್ತು ಅವನಿಗೆ. ಕೇಳಬಹುದಿತ್ತು ಅವಳನ್ನೂ. ಅವಳು ತಮ್ಮನ ಮಾತುಗಳ ಕೆಳಗೆ ತನ್ನದನ್ನು ಬರೆದಳು, ಒಂದು ಸಲ ಓದಿಕೊಂಡಳು, ಕಳಿಸಿದಳು.

ಬೆನ್ನ ಹಿಂದಿನಿಂದ ಹೊಡೆಯುವುದು ಅವಳ ಜಾಯಮಾನವಲ್ಲ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು ತಮ್ಮನ ಕೋಣೆಗೆ ಹೋಗಿ, ಅವನ ಪಕ್ಕದ ಕುರ್ಚಿ ಎಳೆದು ಕೂತಳು. "ಅಲ್ಲಿ ಬರೆದಿದೀನಿ. ನಾನು ಇಲ್ಲೇ ಇರ್ತೀನಿ, ಓದಿಸಿ ಕೇಳು" ಅಂದಳು. ತಮ್ಮ ಹೆಡ್‌ಫೋನಿನ ತಂತಿ ಕಿತ್ತು ಸ್ಪೀಕರಿಗೆ ಹಾಕಿದ, ಎಲ್ಲರಿಗೂ ಕೇಳಲಿ ಅಂತಲೋ ಏನೋ. ಕೀಲಿ ಒತ್ತಿದ. ಅಕ್ಕನ ಮಾತನ್ನು ಅಕ್ಕನ ಧ್ವನಿಯೇ ಓದತೊಡಗಿತು.

"ಈ ಧ್ವನಿ ನನ್ನದು. ಓದಲಾಗದವರಿಗೆ ಓದಿ ಹೇಳಲಿ ಅಂತ ಕೊಟ್ಟೆ. ಹಾಗೆ ಪುಕ್ಕಟೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದಿಲ್ಲ, ಅದು ಎಲ್ಲರದು. ಮಾರಲು ಕೊಟ್ಟಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಒಪ್ಪಿದ್ದೇನೆ ಎಂದು ನನ್ನ ತಮ್ಮ ಬರೆದದ್ದು ಸುಳ್ಳು. ನನ್ನ ಒಪ್ಪಿಗೆ ಇಲ್ಲ."

ಯಂತ್ರಕ್ಕೇನು ಗೊತ್ತು? ಹವಾಮಾನದ ಸುದ್ದಿ ಓದುವ ಹಾಗೆಯೇ ಓದಿತು. ಎಲ್ಲೂ ತಡವರಿಸಲಿಲ್ಲ. ಕೇಳುತ್ತಾ ಕೂತ ಅಕ್ಕನಿಗೆ ತನ್ನ ಮಾತು ಇಷ್ಟು ಗಟ್ಟಿಯಾಗಿತ್ತಾ ಅಂತ ಅನ್ನಿಸಿತು.

"ಇನ್ನು ಮಾರೋ ಹಾಗಿಲ್ಲ ಕಣೋ," ಅಂದ ಗಡ್ಡ ಕಿಟಕಿಯ ಹತ್ತಿರದಿಂದ. "ಕಂಪನಿಗೆ ನಾನೇ ಬರೀತೀನಿ."

ತಮ್ಮ ಕಿರುಚುತ್ತಾನೆ ಅಂತ ಅಕ್ಕ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅತ್ತರೆ ತಬ್ಬಿಕೊಳ್ಳಬೇಕು ಅಂತಲೂ ಒಳಗೊಳಗೇ ಅಂದುಕೊಂಡಿದ್ದಳು. ಅವನು ಕಿರುಚಲಿಲ್ಲ, ಅಳಲೂ ಇಲ್ಲ. ಕೈ ಮುಂದೆ ಚಾಚಿ ಎರಡು ಕೀಲಿ ಒತ್ತಿದ. ಮುಂದಿನ ಸಂದೇಶವನ್ನು ಯಂತ್ರ ಒಬ್ಬ ಗಂಡಸಿನ ಧ್ವನಿಯಲ್ಲಿ ಓದಿತು. ಯಾರೋ ಗುರುತಿಲ್ಲದವನು. ತಮ್ಮನ ಯಂತ್ರದಲ್ಲಿ ತನ್ನದಲ್ಲದೆ ಬೇರೆ ಧ್ವನಿಯೂ ಇತ್ತು ಅನ್ನುವುದು ಅಕ್ಕನಿಗೆ ಆವತ್ತೇ ಗೊತ್ತಾದದ್ದು.

ಆ ಗಂಡಸು ಓದುತ್ತಲೇ ಹೋದ. ಅಕ್ಕ ಕೂತೇ ಇದ್ದಳು.

"ಅಕ್ಕ ಹೋದ್ಲಾ?" ಅಂತ ತಮ್ಮ ಗಡ್ಡನನ್ನು ಕೇಳಿದ. ಅವಳ ಮೊಣಕೈ ಅವನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವಳು ಅಲ್ಲೇ ಇದ್ದಾಳೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಕೈಚೀಲ ತೆಗೆದುಕೊಂಡು ಎದ್ದಳು. ಕ್ಲಿನಿಕ್ಕು ತೆರೆಯುವ ಹೊತ್ತಾಗಿತ್ತು.